ಖಾಲಿ ಜಾಗದ ಹೊಲಿಗೆ

ಜಮಾಲಸಾಬರು ಚಹದ ಬಟ್ಟಲನ್ನು ಎಡಗೈಯಿಂದ ಮುಂದೆ ಮಾಡಿದಾಗಲೇ ಗುರುಸಂಗಪ್ಪನವರ ಅನುಮಾನಕ್ಕೆ ಮೊದಲ ಪೆಟ್ಟು ಬಿದ್ದಿತು.

ಬಲಗೈ ಮಡಿಲಲ್ಲಿ ಬಿದ್ದುಕೊಂಡಿತ್ತು. ಬೆರಳುಗಳು ಒಳಮುಖವಾಗಿ ಮಡಚಿ, ಏನನ್ನೋ ಮುಚ್ಚಿ ಹಿಡಿದಂತೆ ಕಾಣುತ್ತಿದ್ದವು. ನಲವತ್ತು ವರ್ಷಗಳ ಕಾಲ ಗಜೇಂದ್ರಗಡದ ಖರೀದಿಪತ್ರ, ಆಸ್ತಿ ಹಂಚುವ ವಾಟ್ನಿಪತ್ರ, ಬಾಡಿಗೆಯ ಕರಾರುಗಳನ್ನು ಬರೆದ ಕೈ ಅದು.

“ಎಡಗೈಲೆ ಕೊಟ್ಟೆ ಅಂತ ಸಿಟ್ಟಾಗಬ್ಯಾಡಪಾ,” ಎಂದರು ಜಮಾಲಸಾಬರು. “ಬಲಗೈ ಸಂಪು ಹೂಡೇತಿ. ಒಂದೂವರಿ ವರ್ಷ ಆತು. ಮಾತುಕತಿಗೂ ಬರವಲ್ದು.”

ಗುರುಸಂಗಪ್ಪನವರಿಗೆ ನಗು ಬರಲಿಲ್ಲ. ಒಂದೇ ಗುರುವಿನ ಬಳಿ ಒಂದೇ ಚಾಪೆಯ ಮೇಲೆ ಕುಳಿತು ವಿದ್ಯೆ ಕಲಿತವನ ಕೈ ಬಿದ್ದುಹೋಗಿ ಒಂದೂವರೆ ವರ್ಷವಾಗಿದೆ. ತಾನು ಬಂದದ್ದು ಇಂದು, ಅದೂ ಅವನ ಮೇಲೆ ಕಳವಿನ ಗುಮಾನಿ ಹೊತ್ತು.

ರೋಣದ ತಹಸೀಲ್ದಾರ ಕಚೇರಿಯ ಎದುರಿಗೆ ಅರ್ಜಿ ಬರೆದು ಬದುಕುವ ಗುರುಸಂಗಪ್ಪನವರು, ಮಕ್ಕಳನ್ನು ಟೀವಿ ಜಾಹೀರಾತಿಗೆ ಸೇರಿಸುವೆವೆಂದು ನರಗುಂದದ ಕಲ್ಯಾಣ ಮಂಟಪವೊಂದರಲ್ಲಿ ಮೂರು ದಿನ ಶಿಬಿರ ಹೂಡಿ, ಅರುವತ್ತು ಮನೆಗಳ ಹಣ ಕಿತ್ತು ಕಾಣೆಯಾದ ‘ಬಾಲಚಂದ್ರಿಕಾ ಮಾಡೆಲಿಂಗ್ ಏಜೆನ್ಸಿ’ಯ ಬೆನ್ನು ಹತ್ತಿ, ಇಪ್ಪತ್ತೆರಡನೆಯ ದಿನ ಈ ಹೊಸ್ತಿಲಿಗೆ ಬಂದು ಮುಟ್ಟಿದ್ದರು.

ಜೊತೆಗೆ ರೇಣುಕವ್ವ ಇದ್ದಳು. ಜಮಾಲಸಾಬರ ಹೆಂಡತಿ ಮದರಬಿ ಹಾಸಿದ ಚಾಪೆಯ ಅಂಚಿನಲ್ಲಿ, ಕರೆಯದ ಮನೆಗೆ ಬಂದವಳಂತೆ, ಸೆರಗನ್ನು ಎರಡೂ ಭುಜಕ್ಕೆ ಹೊದ್ದು ಕುಳಿತಿದ್ದಳು. ರಾಜೂರದಲ್ಲಿ ತಂಗಿಯ ಮನೆ ಸೇರಿ ಆಗಲೇ ಐದು ದಿನ. ಅಲ್ಲಿಂದ ನೇರವಾಗಿ ಗಜೇಂದ್ರಗಡದ ಬಸ್ ನಿಲ್ದಾಣಕ್ಕೆ ಬಂದು ಗುರುಸಂಗಪ್ಪನವರಿಗಾಗಿ ಕಾದಿದ್ದಳು. ಸ್ವಂತ ಊರಾದ ಹೊಳೆಮಣ್ಣೂರಿಗೆ ಹೋಗುವ ಧೈರ್ಯ ಅವಳಿಗಿರಲಿಲ್ಲ.

ಆ ಊರಿನ ಮಹಿಳಾ ಸಂಘಕ್ಕೆ ಹದಿನಾಲ್ಕು ವರ್ಷಗಳಿಂದ ಅವಳೇ ಅಧ್ಯಕ್ಷೆ. ಮಲಪ್ರಭೆ ಊರೊಳಗೆ ನುಗ್ಗಿದ ವರ್ಷ ಮನೆಯ ಸಾಮಾನನ್ನೆಲ್ಲ ನೀರಿಗೆ ಬಿಟ್ಟು, ಸಂಘದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ದಿಬ್ಬ ಹತ್ತಿದ ಹೆಣ್ಣು. ಅಂಥವಳು ಈ ಸಲ, ಮೊಮ್ಮಗಳು ಚಿನ್ನು ಸಾಬೂನಿನ ಜಾಹೀರಾತಿಗೆ ಆಯ್ಕೆಯಾದಳೆಂದು ಸಂಘದ ಸಭೆಯಲ್ಲಿ ಪೇಢೆ ಹಂಚಿದಳು. ರೇಣುಕವ್ವ ಹಣ ಕೊಟ್ಟಳೆಂದ ಮೇಲೆ ಕೇಳುವುದೇನೆಂದು ಎಂಟು ಮನೆಯವರು ಮರುದಿನವೇ ನರಗುಂದದ ಬಸ್ಸು ಹತ್ತಿದರು. ಮನೆಗೆ ಹದಿನೈದು ಸಾವಿರ. ಕೈಗೆ ಬಂದದ್ದು ತುಟಿಗೆ ಬಣ್ಣ ಬಳಿದ ಮಗುವಿನ ಒಂದು ಫೋಟೋ ಪುಸ್ತಕ.

ಈಗ ಆ ಎಂಟು ಮನೆಗಳೂ ಒಂದೇ ಮಾತು ಆಡುತ್ತಿದ್ದವು: ಅಧ್ಯಕ್ಷೆ ತಲೆಗಿಷ್ಟೆಂದು ಕಮಿಷನ್ ತಿಂದಿದ್ದಾಳೆ.

ಸೋಮವಾರ ಸಂಘದ ಸಭೆ. ಇಂದು ಶನಿವಾರ. ತಾನು ಮೋಸ ಮಾಡಿದವಳಲ್ಲ, ಮೋಸ ಹೋದವಳು ಎನ್ನುವುದಕ್ಕೆ ಠಾಣೆಯ ಮೊಹರಿರುವ ಒಂದು ದೂರಿನ ಪ್ರತಿಯನ್ನಾದರೂ ಅವಳು ಆ ಸಭೆಯಲ್ಲಿ ತೋರಿಸಬೇಕು. ತೋರಿಸದಿದ್ದರೆ ಅಧ್ಯಕ್ಷಗಿರಿಯೊಡನೆ ಊರಲ್ಲಿ ತಲೆಯೆತ್ತಿ ನಡೆಯುವ ಹಕ್ಕನ್ನೂ ಇಳಿಸಿಡಬೇಕು.

ಅವಳು ಠಾಣೆಗೆ ಹೋಗದೆ ಕುಳಿತವಳಲ್ಲ; ತನ್ನ ಪಾಲಿನ ಪ್ರತಿಯನ್ನು ಮಾತ್ರ ಸಂಘದ ಪೆಟ್ಟಿಗೆಯಲ್ಲೇ ಬಿಟ್ಟು ಹೋಗಿದ್ದಳು. ಅಲ್ಲಿನ ಹವಾಲ್ದಾರರು ಸಮಾಧಾನದಿಂದಲೇ ಕೇಳಿ, ಏಜೆನ್ಸಿಯ ವಕೀಲನೆಂಬಾತ ಮೊಬೈಲಿಗೆ ಕಳಿಸಿದ್ದ ಒಪ್ಪಿಗೆ ಪತ್ರದ ಚಿತ್ರವನ್ನು ತೋರಿಸಿದ್ದರು. ‘ಕೊಟ್ಟ ಹಣವನ್ನು ಯಾವ ಕಾರಣಕ್ಕೂ ಮರಳಿ ಕೇಳತಕ್ಕದ್ದಲ್ಲ’ ಎಂಬ ವಾಕ್ಯ ಅದರಲ್ಲಿ ಸ್ಪಷ್ಟವಾಗಿತ್ತು; ಕೆಳಗೆ ರೇಣುಕವ್ವನ ಸಹಿಯೂ ಇತ್ತು. ಓದಿ ಸಹಿ ಮಾಡಿದ ಮೇಲೆ ಇದು ಗ್ರಾಹಕರ ಆಯೋಗದ ವ್ಯಾಜ್ಯ. ಮೋಸವೆನ್ನಲು ಬೇರೆ ಪುರಾವೆ ತಾ ಎಂದಿದ್ದರು ಅವರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ತಪ್ಪಿದ್ದದ್ದು ಆ ಚಿತ್ರದಲ್ಲಿ.

ಗುರುಸಂಗಪ್ಪನವರು ಚೀಲದಿಂದ ರೇಣುಕವ್ವನ ಒಪ್ಪಿಗೆ ಪತ್ರದ ಝೆರಾಕ್ಸ್ ಪ್ರತಿಯನ್ನು ತೆಗೆದು ಜಮಾಲಸಾಬರ ಮುಂದೆ ಹಾಸಿದರು. ಮೇಲರ್ಧದಲ್ಲಿ ಅಚ್ಚಾದ ಷರತ್ತುಗಳು, ಕೆಳತುದಿಯಲ್ಲಿ ಸಹಿಗಳು. ನಡುವೆ ಒಂದು ಗೇಣು ಬರಿಯ ಬಿಳಿ ಜಾಗ. ಆ ಬಿಳಿಯ ಮೇಲೆ ಎಡದ ಮೇಲ್ತುದಿಯಿಂದ ಬಲದ ಕೆಳತುದಿಗೆ ಪೆನ್ನಿನಿಂದ ಎಳೆದ ಓರೆಗೆರೆ. ಗೆರೆಯ ನಡುಭಾಗದಲ್ಲಿ ಅಡ್ಡವಾಗಿ ಮೂರು ಗಿಡ್ಡ ಗೀಟು. ಹರಿದ ಬಟ್ಟೆಗೆ ಅವಸರದಲ್ಲಿ ಹಾಕಿದ ಹೊಲಿಗೆಯ ಹಾಗೆ.

ಏಜೆನ್ಸಿಯವರು ಠಾಣೆಗೆ ತೋರಿಸಿದ ಹಾಳೆಯಲ್ಲಿ ಗೆರೆ ಇರಬೇಕಾದಲ್ಲಿ ಗೆರೆಯಿರಲಿಲ್ಲ, ಮಾತಿರಬಾರದಲ್ಲಿ ಮಾತಿತ್ತು.

“ಜಮಾಲ, ಈ ಹೊಲಿಗಿ ಯಾರದು?” ಎಂದು ಕೇಳಿದರು ಗುರುಸಂಗಪ್ಪನವರು.

ಜಮಾಲಸಾಬರು ಚಷ್ಮ ಏರಿಸಿ, ಹಾಳೆಯನ್ನು ಮುಟ್ಟದೆ ಬಹಳ ಹೊತ್ತು ನೋಡಿದರು. “ಅನ್ನದಾನಯ್ಯ ಗುರುಗಳದು.”

“ಗುರುಗಳು ಲಿಂಗೈಕ್ಯರಾಗಿ ಹನ್ನೊಂದು ವರ್ಷ ಆತು.”

“ಹಂಗಾದ್ರ ನಿಂದು, ಇಲ್ಲಾ ನಂದು. ನಿಂದಲ್ಲ ಅಂತ ಹೇಳಾಕಂತನಾ ನೀ ಬಸ್ಸಿಗೆ ರೊಕ್ಕಾ ಕೊಟ್ಟು ಬಂದೀ. ಉಳದಾಂವ ನಾ ಒಬ್ಬಾಂವ.” ಅವರು ಮಡಿಲಿನ ಕೈಯನ್ನು ಎಡಗೈಯಿಂದ ಎತ್ತಿ, ಒಂದು ಪೊಟ್ಟಣವನ್ನು ಇಡುವಂತೆ ಹಾಳೆಯ ಪಕ್ಕಕ್ಕೆ ಇಟ್ಟರು. “ಬೇಡಿ ತಂದೀಯೇನು? ತಂದಿದ್ರ ಇದಕ್ಕ ಹಾಕು. ಓಡಿ ಹೋಗೂದಿಲ್ಲ.”

ಮದರಬಿಯ ಕೈಯಲ್ಲಿದ್ದ ಅಡಿಕೆಯ ಅಡಕೊತ್ತು ನಿಂತುಬಿಟ್ಟಿತು. ರೇಣುಕವ್ವ ತಲೆ ತಗ್ಗಿಸಿದಳು.

ಅನ್ನದಾನಯ್ಯನವರು ದಸ್ತಾವೇಜು ಬರೆಯುವುದನ್ನು ಪೂಜೆಯಂತೆ ನಡೆಸಿದವರು. ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದೇ ಮನೆ ಮುರಿಯುತ್ತದೆ ಎಂಬುದು ಅವರ ನಂಬಿಕೆ. ಆದ್ದರಿಂದ ಸಹಿ ಬೀಳುವ ಮುನ್ನ ಹಾಳೆಯ ಖಾಲಿ ಜಾಗಕ್ಕೆಲ್ಲ ಗೆರೆ ಎಳೆದು, ಗೆರೆಯ ಮೇಲೆ ಮೂರು ಗೀಟು ಹಾಕಿ, ‘ಕಾಗದದ ಬಾಯಿ ಹೊಲಿದಾಯಿತು’ ಎನ್ನುತ್ತಿದ್ದರು. ಬೇರೆ ಬರಹಗಾರರು ಬರಿಯ ಗೆರೆ ಎಳೆಯುತ್ತಾರೆ. ಮೂರು ಗೀಟಿನ ಹೊಲಿಗೆಯನ್ನು ಅವರು ಕಲಿಸಿದ್ದು ಇಬ್ಬರೇ ಶಿಷ್ಯರಿಗೆ.

ಎಳವೆಯಲ್ಲಿ ಮಠದ ಪಾಠಶಾಲೆಯಲ್ಲಿ ತರ್ಕ ಓದಿದ್ದ ಗುರುಸಂಗಪ್ಪನವರು ಕಂಡ ಗುರುತಿನಿಂದ ಕಾಣದ ಕರ್ತನನ್ನು ತಲುಪುವ ದಾರಿಯನ್ನು ಬಲ್ಲವರು. ಆ ದಾರಿಯಲ್ಲಿ ನಡೆಯುವವನು ಹೆಜ್ಜೆಹೆಜ್ಜೆಗೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಎಲ್ಲರನ್ನೂ ಎಣಿಸಿದ್ದೇನೆಯೇ? ಈಗ ಆ ಮಡಚಿದ ಬೆರಳುಗಳನ್ನು ನೋಡುತ್ತ, ತಾವು ಎಣಿಕೆಯಲ್ಲಿ ತಪ್ಪಿದ್ದು ಅವರಿಗೆ ತಿಳಿಯಿತು. ಆ ನೇರವಾದ, ಎಲ್ಲಿಯೂ ನಡುಗದ ಗೆರೆ ಈ ಕೈಯಿಂದ ಬಂದುದಲ್ಲ.

“ಈ ಕೈಲೆ ಇಂಥಾ ಗೆರಿ ಬರೂದಿಲ್ಲ. ತಪ್ಪು ತಿಳದೆ, ಜಮಾಲ.”

“ಹಂಗಾದ್ರ ನಾ ಬಚಾವ್,” ಎಂದರು ಜಮಾಲಸಾಬರು. ಆದರೆ ಆ ಮುಖದಲ್ಲಿ ಬಚಾವಾದವನ ನೆಮ್ಮದಿ ಇರಲಿಲ್ಲ. ಅವರ ಕಣ್ಣು ಹೆಂಡತಿಯ ಮೇಲೆ ಹೋಯಿತು, ಗೋಡೆಯ ಗಡಿಯಾರದ ಮೇಲೆ ಹೋಯಿತು, ಬಾಗಿಲ ಆಚೆಯ ಬೀದಿಗೆ ಹೋಯಿತು. ಪಡಸಾಲೆಯ ಒಂದು ಮೂಲೆಗೆ ಮಾತ್ರ ಹೋಗಲಿಲ್ಲ.

ಗುರುಸಂಗಪ್ಪನವರು ಆ ಮೂಲೆಯತ್ತ ಹೊರಳಿದರು.

ಅಲ್ಲಿ, ಅಜ್ಜನ ಹಳೆಯ ಬರೆಯುವ ಮೇಜಿನ ಮುಂದೆ, ಮೊಮ್ಮಗಳು ಸಾನಿಯಾ ಕುಳಿತಿದ್ದಳು. ಕಾಲೇಜಿನ ಕೊನೆಯ ವರ್ಷದ ಹುಡುಗಿ. ಅಜ್ಜನ ಕೈ ಬಿದ್ದ ಮೇಲೆ ಮನೆಗೆ ಬರುವ ಗಿರಾಕಿಗಳಿಗೆ ಅವಳೇ ಬರೆದುಕೊಡುತ್ತಾಳೆಂದು ಚಹ ಕುಡಿಯುವಾಗ ಮದರಬಿ ಹೆಮ್ಮೆಯಿಂದ ಹೇಳಿದ್ದಳು. ಎದುರಿಗೆ ಕುಳಿತಿದ್ದ ಕಿರಾಣಿ ಅಂಗಡಿಯವನಿಗೆ ಮಳಿಗೆಯ ಬಾಡಿಗೆ ಕರಾರು ಸಿದ್ಧವಾಗುತ್ತಿತ್ತು. ಹಿರಿಯರ ಮಾತು ಕಿವಿಗೆ ಬೀಳುತ್ತಿದ್ದರೂ ತಲೆಯೆತ್ತದೆ ಅವಳು ಕೊನೆಯ ಸಾಲು ಮುಗಿಸಿದಳು, ಚುಕ್ಕೆ ಇಟ್ಟಳು. ಉಳಿದ ಬಿಳಿಯ ಮೇಲೆ ಪೆನ್ನು ಒಂದೇ ಉಸಿರಿಗೆ ಓರೆಯಾಗಿ ಇಳಿಯಿತು. ಹಿಂದಕ್ಕೆ ಹೊರಳಿ ಮೂರು ಸಲ ಅಡ್ಡ ಹಾಯಿತು.

ಮೂರನೆಯ ಗೀಟು ಮುಗಿದ ಮೇಲೆ ಅವಳಿಗೆ ತಾನು ಮಾಡಿದ್ದರ ಅರಿವಾಯಿತು. ಪೆನ್ನು ಹಾಳೆಯ ಮೇಲೆಯೇ ನಿಂತಿತು. ಶಾಯಿ ಅಲ್ಲಿ ಸಣ್ಣ ಚುಕ್ಕೆಯಾಗಿ ಹರಡಿತು.

ಕಿರಾಣಿ ಅಂಗಡಿಯವನು ಸಹಿ ಎಲ್ಲಿ ಮಾಡಲೆಂದು ಎರಡು ಸಲ ಕೇಳಿ, ತಾನೇ ಜಾಗ ಹುಡುಕಿ ಸಹಿ ಮಾಡಿ, ಕೂಲಿ ಇಟ್ಟು ಹೊರಟುಹೋದ.

“ಕೂಸಿಗೆ ಬೈಬ್ಯಾಡ್ರಿ ಅಣ್ಣಾರ,” ಎಂದಳು ಮದರಬಿ. “ಆಕಿ ಹೋಗಿದ್ದು ಮೂರು ದಿನದ ಪಗಾರಕ್ಕ ಅಷ್ಟ. ಅದನ್ನೂ ಅವರು ಕೊಡಲಿಲ್ಲ.”

ಸಾನಿಯಾ ಎದ್ದು ಬಂದು ಅಜ್ಜನ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಅವಳು ಹೇಳಿದ್ದೆಲ್ಲ ಸಣ್ಣ ದನಿಯಲ್ಲಿ, ಬಿಟ್ಟು ಬಿಟ್ಟು. ಚಲೋ ಅಕ್ಷರದವರು ಮೂರು ದಿನದ ಕೆಲಸಕ್ಕೆ ಬೇಕೆಂದು ಕಾಲೇಜಿನ ಗುಂಪಿನಲ್ಲಿ ಸಂದೇಶ ಬಂದಿತ್ತಂತೆ. ನರಗುಂದದ ಮಂಟಪದಲ್ಲಿ ಅವಳ ಪಾಲಿಗೆ ಒಂದು ಮೇಜು. ಅಚ್ಚಾದ ನಮೂನೆಯಲ್ಲಿ ಮಗುವಿನ ಹೆಸರು, ತಾಯಿತಂದೆಯರ ಹೆಸರು ತುಂಬಿ ಸಹಿ ಹಾಕಿಸುವ ಕೆಲಸ. ಒಂದು ಪ್ರತಿ ಮನೆಯವರಿಗೆ, ಒಂದು ಏಜೆನ್ಸಿಗೆ. ಪಗಾರದ ಬದಲು ನಿನ್ನ ಫೋಟೋವನ್ನೂ ತೆಗೆದು ಬೆಂಗಳೂರಿಗೆ ಕಳಿಸುತ್ತೇವೆ, ಸೀರೆಯ ಜಾಹೀರಾತಿಗೆ ನಿನ್ನಂಥ ಮುಖವೇ ಬೇಕಿತ್ತು ಎಂದಿದ್ದರಂತೆ. ಅದನ್ನು ಹೇಳುವಾಗ ಅವಳ ಕಿವಿ ಕೆಂಪಾಯಿತು.

“ಖಾಲಿ ಜಾಗಾ ಹೊಲಿ ಅಂತ ಅವರು ಹೇಳಿದ್ರೇನವ್ವಾ?” ಎಂದು ಕೇಳಿದರು ಗುರುಸಂಗಪ್ಪನವರು.

“ಯಾರೂ ಹೇಳಿಲ್ರಿ ಅಜ್ಜಾರ.” ಅವಳು ಅಜ್ಜನತ್ತ ನೋಡಿದಳು. “ದಾದಾ ಹಿಂಗ ಕಲಿಸ್ಯಾರ. ಹೊಲೀಲಿಲ್ಲಂದ್ರ ಕಾಗದಾ ಮುಗದಂಗ ಅನ್ಸೂದಿಲ್ಲ. ಎರಡೂ ಪ್ರತಿ ಹೊಲದೀನ್ರಿ. ಎಲ್ಲಾರವೂ.”

“ಅವರು ನೋಡಲಿಲ್ಲೇನು?”

“ಮೂರನೇ ದಿನಾ ಸಂಜಿಮುಂದ ನೋಡಿದ್ರು. ಭಾಳ ಬೈದ್ರು.”

ಗುರುಸಂಗಪ್ಪನವರಿಗೆ ಉಳಿದ ಕಥೆ ತಾನಾಗಿ ಬಿಚ್ಚಿಕೊಂಡಿತು. ಹಣ ಮರಳಿ ಕೇಳಬಾರದೆಂಬ ವಾಕ್ಯವನ್ನು ಆಮೇಲೆ ಸೇರಿಸಲೆಂದೇ ಅವರು ಆ ಒಂದು ಗೇಣು ಜಾಗವನ್ನು ಬಿಟ್ಟಿದ್ದರು. ಮೊದಲೇ ಅಚ್ಚು ಹಾಕಿಸಿದ್ದರೆ ಓದಬಲ್ಲ ಯಾವ ತಾಯಿಯೂ ಸಹಿ ಮಾಡುತ್ತಿರಲಿಲ್ಲ. ಈ ಹುಡುಗಿಯ ಹೊಲಿಗೆ ಅವರ ಆಟವನ್ನು ಕೆಡಿಸಿತು. ಆಗ ಹೊಸ ಹಾಳೆಯಲ್ಲಿ ವಾಕ್ಯ ಸೇರಿಸಿ, ಕೆಳಗೆ ಕಳ್ಳ ಸಹಿ ಹಾಕಿದರು. ಇನ್ನು ಮನೆಗಳಲ್ಲಿ ಉಳಿದ ನಿಜವಾದ ಪ್ರತಿಗಳು ಅಪಾಯ. ‘ಹಣ ಮರಳಿಸುತ್ತೇವೆ, ಅಸಲು ಪತ್ರ ಅಂಚೆಯಲ್ಲಿ ಕಳಿಸಿ’ ಎಂದು ಎಲ್ಲರಿಗೂ ಸಂದೇಶ ಹೋಯಿತು. ಎಲ್ಲರೂ ಕಳಿಸಿದರು, ಒಬ್ಬಳನ್ನು ಬಿಟ್ಟು. ರೇಣುಕವ್ವ ತನ್ನ ಪತ್ರವನ್ನು ಸಂಘದ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಪೆಟ್ಟಿಗೆಯ ಕಾಗದವನ್ನು ಸಭೆಯ ಒಪ್ಪಿಗೆಯಿಲ್ಲದೆ ಊರ ಹೊರಗೆ ಕಳಿಸುವ ಪದ್ಧತಿ ಅಲ್ಲಿರಲಿಲ್ಲ. ಸಭೆ ಅವಳ ಮೇಲೆಯೇ ತಿರುಗಿ ಬಿದ್ದ ದಿನ ಅದನ್ನು ತಂದು ಗುರುಸಂಗಪ್ಪನವರ ಕೈಯಲ್ಲಿಟ್ಟಳು.

ಅರುವತ್ತು ಮನೆಗಳ ಪಾಲಿಗೆ ಉಳಿದಿರುವ ಅಸಲು ಅದೊಂದೇ. ಅದನ್ನು ತುಂಬಿ ಹೊಲಿದ ಕೈ ಈಗ ಎದುರಿಗಿತ್ತು.

“ಇದನ್ನ ಠಾಣೆದಾಗ ಹೇಳ್ತೀಯೇನವ್ವಾ?”

ಹತ್ತು ದಿನದ ಹಿಂದೆ ಸಾನಿಯಾಳಿಗೆ ಒಂದು ಫೋನ್ ಬಂದಿತ್ತೆಂದು ಜಮಾಲಸಾಬರು ಅವಳ ಪರವಾಗಿ ಹೇಳಿದರು. ಅರುವತ್ತೂ ಕಾಗದದ ಮೇಲೆ ನಿನ್ನ ಅಕ್ಷರವೇ ಇದೆ, ಕೇಸಾದರೆ ಮೊದಲ ಆರೋಪಿ ನೀನೇ, ನಿನ್ನ ಫೋಟೋಗಳೂ ನಮ್ಮ ಬಳಿ ಇವೆ ಎಂದು ಹೆದರಿಸಿದ್ದರು. ಅಂದಿನಿಂದ ಅವಳು ಕಾಲೇಜಿಗೆ ಹೋಗಿಲ್ಲ. ಮನೆಯ ಹಿರಿಯರೂ ಬಾಯಿ ಮುಚ್ಚಿಕೊಂಡಿದ್ದಾರೆ.

ರೇಣುಕವ್ವ ಚಾಪೆಯ ಅಂಚಿನಿಂದ ಮುಂದೆ ಸರಿದಳು.

“ತಂಗೀ, ನಿನ್ನ ನಾ ಅವತ್ತಾ ನೋಡೀನಿ. ನಮ್ಮ ಚಿನ್ನೂಗೆ ಬಿಸ್ಕೀಟ ಕೊಟ್ಟಿದ್ದಿ. ಆ ಕೂಸು ಇನ್ನೂ ಸೊಂಟದ ಮ್ಯಾಲೆ ಕೈ ಇಟಗೊಂಡು ಕನ್ನಡಿ ಮುಂದ ನಿಂದರತೈತಿ. ಟೀವಿದಾಗ ಯಾವಾಗ ಬರ್ತೇನಿ ಅಂತ ಕೇಳತೈತಿ. ನನ್ನ ಕಡೆ ಜವಾಬ ಇಲ್ಲ.” ಅವಳ ದನಿ ಒಂದು ಸಲವೂ ಏರಲಿಲ್ಲ. “ರೊಕ್ಕಾ ಬರಲಿಲ್ಲಂದ್ರ ನಾ ದುಡದು ತೀರಸ್ತೇನಿ. ಆದ್ರ ನಾ ಕದ್ದಿಲ್ಲ ಅನ್ನೂದನ್ನ ನಾನಾ ಹೇಳಿದ್ರ ಯಾರೂ ಕೇಳೂದಿಲ್ಲ. ನೀ ಹೇಳಬೇಕು.”

ಹುಡುಗಿ ಅಜ್ಜನ ಮುಖ ನೋಡಿದಳು. ಜಮಾಲಸಾಬರು ಎಡಗೈಯನ್ನು ಅವಳ ನೆತ್ತಿಯ ಮೇಲೆ ಇಟ್ಟರು.

ಗುರುಸಂಗಪ್ಪನವರು ತಮಗೆ ಗೊತ್ತಿದ್ದಷ್ಟನ್ನೇ ಹೇಳಿದರು. ತಾವು ವಕೀಲರಲ್ಲ, ಅವಳನ್ನು ಯಾರೂ ಪ್ರಶ್ನಿಸುವುದಿಲ್ಲವೆಂದು ಮಾತು ಕೊಡಲಾರರು. ಆದರೆ ರೋಣದ ಕೋರ್ಟಿನಲ್ಲಿ ಇಂಥವರಿಗೆ ಪುಕ್ಕಟೆಯಾಗಿ ವಕೀಲರನ್ನು ಕೊಡುತ್ತಾರೆ, ಮೊದಲು ಅವರನ್ನು ಕಂಡು ಆಮೇಲೆ ಠಾಣೆಗೆ ಹೋಗಬಹುದು. ಮೋಸ ಮಾಡಲು ಕುಳಿತವರು ಖಾಲಿ ಜಾಗವನ್ನು ಹೊಲಿಯುವುದಿಲ್ಲ ಎಂಬುದನ್ನು ನ್ಯಾಯಾಧೀಶರಿಗೆ ತಿಳಿಸುವುದು ಕಷ್ಟವಾಗಲಾರದು.

ಸಾನಿಯಾ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಪ್ಲಾಸ್ಟಿಕ್ ಚೀಲವಿತ್ತು.

“ಬಂದು ಹೇಳ್ತೇನ್ರಿ, ಇದನ್ನೂ ಕೊಡ್ತೇನಿ. ಉಳದಿದ್ದ ನಮೂನಿ. ಹಿಂದಿನ ಬಾಜು ಖಾಲಿ ಐತಲ್ಲಾ, ಲೆಕ್ಕಾ ಬಿಡಿಸಾಕಂತ ತಂದಿದ್ದೆ.”

ಯಾರ ಹೆಸರೂ ತುಂಬದ ಐದು ಒಪ್ಪಿಗೆ ಪತ್ರಗಳು. ಶಿಬಿರದ ಮೊದಲ ದಿನ ಬೆಳಿಗ್ಗೆ ಒಬ್ಬರು ಇವುಗಳ ಕಟ್ಟನ್ನು ಮೋಟಾರ್ ಸೈಕಲ್ಲಿನ ಮೇಲೆ ತಂದು ಇಳಿಸಿದ್ದರಂತೆ. ತಲೆಗೆ ಹೆಲ್ಮೆಟ್, ಮುಖಕ್ಕೆ ಕರವಸ್ತ್ರ. ವಯಸ್ಸಾದವರಿರಬೇಕು, ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಂಡರು. ಅವಳಿಗೆ ಅಷ್ಟೇ ನೆನಪು.

ಗುರುಸಂಗಪ್ಪನವರು ಮೇಲಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಷರತ್ತುಗಳು ಅವೇ. ಬಿಳಿ ಜಾಗವೂ ಅದೇ. ಆದರೆ ಅವರ ಕಣ್ಣು ನಿಂತದ್ದು ಬಲಗಡೆಯ ಅಂಚಿನಲ್ಲಿ.

ಅಲ್ಲಿ ಮೇಲಿನಿಂದ ಕೆಳಗಿನವರೆಗೆ ಕೂದಲಿನಷ್ಟು ತೆಳುವಾದ ಕಪ್ಪು ಎಳೆಯೊಂದು ಇಳಿದಿತ್ತು. ಕೆಳತುದಿಯಿಂದ ಮೂರು ಬೆರಳು ಮೇಲೆ, ಅಕ್ಕಿಯ ಕಾಳಿನಷ್ಟು ಜಾಗದಲ್ಲಿ ಎಳೆ ಹರಿದು ಮತ್ತೆ ಮುಂದುವರಿದಿತ್ತು.

ಆ ಎಳೆಯನ್ನು ಅವರು ಬಲ್ಲರು. ಬೆಳಿಗ್ಗೆ ಬಸ್ಸಿನಲ್ಲಿ ನೋಡಿದ್ದರು. ಒಂದಲ್ಲ, ಎರಡು.

ಮೆಲ್ಲಗೆ ರೇಣುಕವ್ವನ ಪತ್ರದ ಝೆರಾಕ್ಸನ್ನು ಎತ್ತಿ ಪಕ್ಕದಲ್ಲಿ ಹಿಡಿದರು. ಅದರ ಬಲ ಅಂಚಿನಲ್ಲಿ ಅಂಥವೇ ಎರಡು ಎಳೆಗಳು ಜೋಡಿಯಾಗಿ ಇಳಿದಿದ್ದವು. ಎರಡೂ ಅದೇ ಎತ್ತರದಲ್ಲಿ ಅಕ್ಕಿಯ ಕಾಳಿನಷ್ಟು ಹರಿದಿದ್ದವು.

ಎರಡೂ ಯಂತ್ರದ ದೋಷವೆಂದು ಅವರು ಬೆಳಿಗ್ಗೆ ತಿಳಿದಿದ್ದರು. ಒಂದು ಯಂತ್ರದ್ದು, ನಿಜ. ನಿನ್ನೆ ಪ್ರತಿ ತೆಗೆಯುವಾಗ ಬಿದ್ದದ್ದು. ಇನ್ನೊಂದು ಮೊದಲೇ ಅಸಲಿನ ಮೇಲೆ ಇದ್ದದ್ದು. ಅಸಲನ್ನು ಹತ್ತು ಸಲ ನೋಡಿದ್ದರೂ, ಹೊಲಿಗೆಯ ಮೇಲೆ ನೆಟ್ಟ ಕಣ್ಣು ಅಂಚಿಗೆ ಹೋಗಿರಲಿಲ್ಲ. ಅಂದರೆ ಏಜೆನ್ಸಿಯ ನಮೂನೆಗಳನ್ನು ನೂರುಗಟ್ಟಲೆ ತೆಗೆದ ಯಂತ್ರವೂ, ನಿನ್ನೆ ಈ ಪ್ರತಿಯನ್ನು ತೆಗೆದ ಯಂತ್ರವೂ ಒಂದೇ.

ಆ ಯಂತ್ರ ರೋಣದಲ್ಲಿ ಗುರುಸಂಗಪ್ಪನವರು ಅರ್ಜಿ ಬರೆಯುವ ಗೂಡಿಗೆ ತಾಗಿದ ಅಂಗಡಿಯಲ್ಲಿದೆ. ಅವರ ಒಡಹುಟ್ಟಿದ ತಮ್ಮ ಅಮರೇಶನದು. ವಯಸ್ಸು ಐವತ್ತೆಂಟು, ಎರಡು ವರ್ಷದಿಂದ ಮೊಣಕಾಲು ನೋವು. ಗಾಜು ಗೀರಿದೆ, ಬದಲಿಸು ಎಂದು ತಾವೇ ಎಷ್ಟೋ ಸಲ ಹೇಳಿದ್ದರು.

ಝೆರಾಕ್ಸ್ ಅಂಗಡಿಗೆ ದಿನಕ್ಕೆ ನೂರು ಜನ ಬರುತ್ತಾರೆ. ಯಾರೋ ತಂದುಕೊಟ್ಟರು, ಇವನು ತೆಗೆದುಕೊಟ್ಟ. ಹೀಗೂ ಇರಬಹುದು. ಗುರುಸಂಗಪ್ಪನವರು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆದರೆ ಈ ಇಪ್ಪತ್ತೆರಡು ದಿನಗಳಲ್ಲಿ ರೇಣುಕವ್ವ ಎಷ್ಟೋ ಸಲ ಅವನ ಕಣ್ಣೆದುರಿನಲ್ಲೇ ಕುಳಿತು ಅತ್ತಿದ್ದಾಳೆ. ಅವಳ ಪತ್ರವನ್ನು ಅವನೇ ಗಾಜಿನ ಮೇಲೆ ಇಟ್ಟು ಪ್ರತಿ ತೆಗೆದಿದ್ದಾನೆ. ತಾನೇ ತೆಗೆದ ನಮೂನೆಯ ಗುರುತು ಅವನಿಗೆ ಸಿಗಲಿಲ್ಲವೆ? ಸಿಕ್ಕಿದ್ದರೆ ಆ ಬಾಯಿಯನ್ನು ಹೊಲಿದವರಾರು?

ಅದಕ್ಕಿಂತ ದೊಡ್ಡದೊಂದು ಸಂಗತಿ ಅವರಿಗೆ ನೆನಪಾಯಿತು. ಅಸಲು ಕಾಗದ ಬಸ್ಸು ಹತ್ತಬಾರದೆಂಬುದು ಅನ್ನದಾನಯ್ಯನವರು ಹಾಕಿಕೊಟ್ಟ ಇನ್ನೊಂದು ಕಟ್ಟಳೆ. ನಲವತ್ತು ವರ್ಷ ತಪ್ಪದೆ ಪಾಲಿಸಿದ ಆ ಕಟ್ಟಳೆಯಂತೆ ಇಂದೂ ಅಸಲನ್ನು ಗೂಡಿನ ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬಂದಿದ್ದರು. ಆ ಬೀಗಕ್ಕೆ ಎರಡು ಕೀಲಿಕೈ. ಒಂದು ಅವರ ಉಡಿದಾರದಲ್ಲಿತ್ತು.

ಇನ್ನೊಂದು ತಮ್ಮನ ಬಳಿ.

ಮೊಬೈಲು ಬಡಿದುಕೊಂಡಿತು. ತೆರೆಯ ಮೇಲೆ ಅಮರೇಶನ ಹೆಸರು.

“ಅಣ್ಣಾ, ಜಮಾಲಸಾಬರ ಮನಿ ಮುಟ್ಟಿದ್ರೇನು?”

“ಮುಟ್ಟೀನಿ.”

“ಸಾವಕಾಶ ಬರ್ರಿ, ಗಡಬಡಿ ಏನಿಲ್ಲ. ಒಂದು ಮಾತು ಹೇಳೂದಿತ್ತು. ರೇಣುಕವ್ವ ಬಂದಿದ್ಲು. ತನ್ನ ಅಸಲ ಕಾಗದ ಬೇಕಾ ಬೇಕು ಅಂತ ಕುಂತ್ಲು. ಕೊಟ್ಟು ಕಳಸೀನಿ.”

ಗುರುಸಂಗಪ್ಪನವರು ಎದುರಿಗೆ ನೋಡಿದರು. ಮೂರು ಮೊಳ ದೂರದಲ್ಲಿ ರೇಣುಕವ್ವ, ಮದರಬಿ ಕೊಟ್ಟ ಎಲೆಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದಳು. ಆ ಹಳೆಯ ಮೊಬೈಲಿನ ದನಿ ಕೋಣೆಗೆಲ್ಲ ಕೇಳುವಂಥದು. ಎಲೆ ಅವಳ ಬೆರಳ ನಡುವೆ ಮಡಚಿ ಮಡಚಿ ಸಣ್ಣದಾಗುತ್ತಿತ್ತು.

“ಯಾವಾಗ ಬಂದಿದ್ಲು?”

“ಈಗ. ಹತ್ತು ಮಿನಿಟ ಆಗಿರಬೇಕು.”

“ಕಾಗದಾ ಒಯ್ಯೋರ ವಹಿಯೊಳಗ ಸಹಿ ಮಾಡಿಸಿಕೊಂಡೀಯಿಲ್ಲೋ?”

ಒಂದು ಉಸಿರಿನಷ್ಟು ಹೊತ್ತು ಆ ಕಡೆಯಿಂದ ಝೆರಾಕ್ಸ್ ಯಂತ್ರದ ಸದ್ದು ಮಾತ್ರ ಕೇಳಿತು.

“ಮಾಡಿಸೀನಿ ಅಣ್ಣಾ. ನಿಮ್ಮ ಪದ್ಧತಿ ನನಗ ಗೊತ್ತಿಲ್ಲೇನು?”

“ಚಲೋ ಮಾಡಿದಿ,” ಎಂದು ಗುರುಸಂಗಪ್ಪನವರು ಫೋನು ಇಳಿಸಿದರು.

ಹೊರಗೆ ಮಗ್ಗದ ಸದ್ದು ಕೇಳುತ್ತಿತ್ತು. ಚೀಲದಲ್ಲಿ ಕರಡು ದೂರು ಇತ್ತು, ಮೂರು ಸಲ ತಿದ್ದಿ ಬರೆದದ್ದು. ಅವರು ಅದನ್ನು ಹೊರತೆಗೆದು ಜಮಾಲಸಾಬರ ಮುಂದೆ ಬಿಡಿಸಿದರು. ಎಲ್ಲವೂ ತುಂಬಿತ್ತು. ಆರೋಪಿತನ ಹೆಸರು, ಅವನ ತಂದೆಯ ಹೆಸರು, ವಾಸಸ್ಥಳ ಎಂಬ ಮೂರು ಸಾಲುಗಳು ಮಾತ್ರ ಇಪ್ಪತ್ತೆರಡು ದಿನಗಳಿಂದ ಖಾಲಿಯಿದ್ದವು. ಗೊತ್ತಾಗದಿದ್ದರೆ ‘ಅಪರಿಚಿತರು’ ಎಂದು ಬರೆದು ಉಳಿದುದನ್ನು ಹೊಲಿದುಬಿಡುವುದೆಂದು ಅವರು ನಿನ್ನೆ ನಿಶ್ಚಯಿಸಿದ್ದರು.

ಈಗಲೂ ಹೊಲಿಯಬಹುದಿತ್ತು. ಒಂದು ಓರೆಗೆರೆ, ಮೂರು ಗೀಟು.

“ಅಣ್ಣಾರ,” ಎಂದಳು ರೇಣುಕವ್ವ. ಅವಳ ಕಣ್ಣು ಆ ಮೂರು ಸಾಲುಗಳ ಮೇಲಿತ್ತು. “ಆ ಜಾಗಾ ಖಾಲಿ ಬಿಡಬ್ಯಾಡ್ರಿ.”

ಗುರುಸಂಗಪ್ಪನವರು ಪೆನ್ನಿನ ಮುಚ್ಚಳ ತೆಗೆದರು. ಹಾಳೆ ಜಾರದಂತೆ ಜಮಾಲಸಾಬರು ತಮ್ಮ ಎಡಗೈಯನ್ನು ಅದರ ಅಂಚಿಗೆ ಊರಿ ಹಿಡಿದರು.

ಮೊದಲನೆಯ ಸಾಲನ್ನು ದಾಟಿ ಪೆನ್ನು ಎರಡನೆಯದಕ್ಕೆ ಹೋಯಿತು. ಅಲ್ಲಿ ಅವರು ತಮ್ಮ ತಂದೆಯ ಹೆಸರನ್ನು ಬರೆದರು.